ಪಾತ್ರೆಯ ತಳದ ಹೆಸರು

ಕ್ಲಬ್ಬಿನ ಮುಂದಿನ ಬಾವುಟ ಅರ್ಧಕ್ಕೆ ಇಳಿದರೆ ಮೆಸ್ಕೀಟ್ ಫ್ಲಾಟ್ಸ್ ಎಂಬ ನಿವೃತ್ತರ ಬಡಾವಣೆಯಲ್ಲಿ ಯಾರೂ ಏನಾಯಿತು ಎಂದು ಕೇಳುವುದಿಲ್ಲ, ಯಾರು ಎಂದು ಮಾತ್ರ ಕೇಳುತ್ತಾರೆ. ಉತ್ತರ ಸಿಕ್ಕಿದ ಮೇಲೆ ಹೆಂಗಸರು ಅಡುಗೆಮನೆಗೆ ಹೋಗುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸಾವಾದ ಮನೆಯ ಬಾಗಿಲಿಗೆ ಬಿಸಿ ಗಾಜಿನ ಪಾತ್ರೆಗಳು ಬರತೊಡಗುತ್ತವೆ. ಒಂದರಲ್ಲಿ ಕೋಳಿ ಮತ್ತು ಅನ್ನ, ಇನ್ನೊಂದರಲ್ಲಿ ಆಲೂಗಡ್ಡೆ, ಮತ್ತೊಂದರಲ್ಲಿ ಹಂದಿಮಾಂಸ. ಎಲ್ಲದರ ಮೇಲೂ ಚೀಸ್. ಪಾತ್ರೆಗಳೆಲ್ಲ ಒಂದೇ ಅಳತೆಯವು. ಅಯೊವಾದಿಂದ ಬಂದವಳಿಗೂ ಒಹಾಯೊದಿಂದ ಬಂದವಳಿಗೂ ಮದುವೆಯಲ್ಲಿ ಉಡುಗೊರೆ ಸಿಕ್ಕಿದ್ದು ಅದೇ ಪಾತ್ರೆ. ಆದ್ದರಿಂದ ಪ್ರತಿಯೊಂದರ ತಳದಲ್ಲೂ ಬಿಳಿ ಅಂಟುಪಟ್ಟಿ, ಅದರ ಮೇಲೆ ಒಡತಿಯ ಹೆಸರು. ತಿಂದು ಮುಗಿದ ಮೇಲೆ ಸಾವಾದ ಮನೆಯವರು ಪಾತ್ರೆ ತೊಳೆದು ತಾವೇ ಕೈಯಾರೆ ಹಿಂದಕ್ಕೆ ಕೊಡಬೇಕು, ಬಾಗಿಲಲ್ಲಿ ನಿಂತು ನಾಲ್ಕು ಮಾತಾಡಬೇಕು. ಇದನ್ನು ಎಲ್ಲೂ ಬರೆದಿಟ್ಟಿಲ್ಲ. ಅಂಗಳದ ಜಲ್ಲಿ ಯಾವ ಬಣ್ಣದ್ದಿರಬೇಕು, ಕಸದ ಡಬ್ಬಿ ಯಾವಾಗ ಒಳಗೆ ಹೋಗಬೇಕು ಎಂದು ಬರೆದಿಟ್ಟ ನಿಯಮಗಳಿಗಿಂತ ಜನ ಇದನ್ನೇ ಹೆಚ್ಚು ಪಾಲಿಸುತ್ತಾರೆ.

ವೆಂಡೆಲ್ ಟ್ರೌಟ್‌ಮನ್‌ಗೆ ಇದು ಗೊತ್ತಿತ್ತು. ಗೊತ್ತಿದ್ದೂ ತಪ್ಪಿಸಿಕೊಂಡ.

ನೆಬ್ರಾಸ್ಕಾದ ಒಂದು ಕೌಂಟಿಯಲ್ಲಿ ಜಲ್ಲಿ ರಸ್ತೆಗಳನ್ನು ಮಟ್ಟ ಮಾಡುವ ಯಂತ್ರ ಓಡಿಸಿ ನಿವೃತ್ತನಾದವನು ಅವನು. ಹೆಂಡತಿ ಆರ್ಡಿಸ್‌ಳ ಉಸಿರಾಟದ ತೊಂದರೆಗೆ ಒಣಹವೆ ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದರಿಂದ ಜನವರಿಯಲ್ಲಿ ಇಬ್ಬರೂ ಅರಿಜೋನಾಕ್ಕೆ ಬಂದರು. ಪುಪ್ಪುಸಕ್ಕೆ ಒಣಹವೆ ಒಗ್ಗಿತು. ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಯಂತ್ರದ ಮುಂದೆ ಆರ್ಡಿಸ್ ಕುಸಿದು ಬಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಅವಳನ್ನು ಊರಿಗೆ ಒಯ್ದು ಅವಳ ತಂದೆತಾಯಿಯ ಪಕ್ಕದಲ್ಲಿ ಹೂಳಲಾಯಿತು. ಇಲ್ಲಿ ಪ್ರಾರ್ಥನೆ ಇರಲಿಲ್ಲ, ಭಾಷಣ ಇರಲಿಲ್ಲ. ಬಾವುಟ ಅರ್ಧಕ್ಕಿಳಿಯಿತು, ಪಾತ್ರೆಗಳು ಬಂದವು. ವೆಂಡೆಲ್ ಊರಿಂದ ಮರಳುವಷ್ಟರಲ್ಲಿ ನೆರೆಯವರು ಅವನ್ನೆಲ್ಲ ಅವನ ಫ್ರೀಜರಿಗೆ ತುಂಬಿ ಹೋಗಿದ್ದರು. ಊರಿನ ಮನೆ ಮಾರಿಯಾಗಿತ್ತು. ಮಗಳು ಜೋಲೀನ್ ತನ್ನಲ್ಲೇ ಇರು ಎಂದು ಹೇಳಿದರೂ ಅವನು ಮರಳಿ ಬಂದಿದ್ದ. ಕೊನೆಯ ಏಳು ವಾರ ಅವಳು ಓಡಾಡಿದ್ದು ಈ ನೆಲದ ಮೇಲೆ, ಅಷ್ಟೆ.

ಏಪ್ರಿಲ್ ಮೇ ತಿಂಗಳೆಲ್ಲ ಅವನು ಆ ಊಟವನ್ನೇ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿ ತಿಂದ. ತೊಳೆದು ಬೋರಲು ಹಾಕುವಾಗ ತಳದ ಹೆಸರು ಓದುತ್ತಿದ್ದ. ಪರಿಚಯವಿಲ್ಲದ ಹೆಸರುಗಳು. ಒಂದು ಸಂಜೆ ಹಾಗೆ ಬೋರಲು ಹಾಕಿದ ಪಾತ್ರೆಯ ತಳದಲ್ಲಿ 'ಆರ್ಡಿಸ್' ಎಂದಿತ್ತು.

ಅದು ಅವರದೇ ಪಾತ್ರೆ. ಮೊನ್ನೆ ಯಾವುದೋ ಪಲ್ಯ ಬಿಸಿ ಮಾಡಲು ತಾನೇ ಕಪಾಟಿನಿಂದ ತೆಗೆದಿದ್ದ. ಊರಿನ ಚರ್ಚಿನ ಊಟಗಳಿಗೆ ಒಯ್ಯುತ್ತಿದ್ದ ಪಾತ್ರೆ. ಆರ್ಡಿಸ್ ಕೊನೆಯ ಅಕ್ಷರದ ಬಾಲವನ್ನು ಹೆಸರಿನ ಅಡಿಗೆಲ್ಲ ಗೆರೆಯಂತೆ ಎಳೆಯುತ್ತಿದ್ದಳು. ಆ ಬಾಲ ಅಲ್ಲಿತ್ತು. ವೆಂಡೆಲ್ ನೀರಿನ ನಲ್ಲಿ ನಿಲ್ಲಿಸಿ ಅಲ್ಲೇ ನಿಂತ. ಊರಿನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವಳು ದಿನಾ ಬರೆಯುತ್ತಿದ್ದಳು: ಮಳೆ ಎಷ್ಟು ಬಂತು, ಯಾರು ಬಂದಿದ್ದರು, ಟೊಮೆಟೊ ಯಾವಾಗ ಕೆಂಪಾಯಿತು. ನಲವತ್ತು ವರ್ಷದ ಕ್ಯಾಲೆಂಡರುಗಳು. ಮನೆ ಖಾಲಿ ಮಾಡುವಾಗ "ಇದನ್ನೆಲ್ಲ ಹೊತ್ಕೊಂಡು ಹೋಗಿ ಎಲ್ಲಿಡೋಣ, ಸುಟ್ಹಾಕು" ಎಂದವಳು ಅವಳೇ. ಸುಟ್ಟವನು ಅವನು. ಇಲ್ಲಿ ಇನ್ನೂ ಕ್ಯಾಲೆಂಡರ್ ತೂಗುಹಾಕಿರಲಿಲ್ಲ. ಅಡುಗೆಯ ಅಳತೆಯನ್ನು ಅವಳು ಯಾವತ್ತೂ ಬರೆದಿಟ್ಟವಳಲ್ಲ. ಮಗಳ ಹತ್ತಿರ ಹುಟ್ಟುಹಬ್ಬದ ಕಾರ್ಡುಗಳಿರಬಹುದು, ಅವು ಮಗಳವು. ಈ ಮನೆಯಲ್ಲಿ ಆರ್ಡಿಸ್‌ಳ ಕೈಬರಹ ಅಂತ ಉಳಿದದ್ದು ಆ ಬೆರಳುದ್ದದ ಪಟ್ಟಿ ಒಂದೇ.

ಅವನು ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಇಟ್ಟ. ಬೆಳಿಗ್ಗೆ ಕಾಫಿ ಕುಡಿಯುವಾಗ ಕಣ್ಣಿಗೆ ಬೀಳುವ ಹಾಗೆ.

ಜೂನ್ ಮೊದಲ ವಾರ ಸಮಾಧಿಯ ಕಲ್ಲು ನಿಲ್ಲಿಸುವುದಕ್ಕೆ ಊರಿಗೆ ಹೊರಟ. ಪಕ್ಕದ ಮನೆಯ ಡೆಲ್ಬರ್ಟ್ ಸೂಸ್‌ಗೆ ಕೀಲಿ ಕೊಟ್ಟ. ಬೇಸಿಗೆಯಲ್ಲಿ ಮನೆ ಮುಚ್ಚಿದರೆ ಯಾರಾದರೂ ಬಂದು ನಲ್ಲಿಗಳನ್ನು ಬಿಡುತ್ತಿರಬೇಕು. ಇಲ್ಲದಿದ್ದರೆ ಬಚ್ಚಲ ಕೊಳವೆಯ ಬಾಗಿನಲ್ಲಿ ನಿಂತ ನೀರು ಆರಿ, ಜಿರಲೆಗಳು ಮೇಲೆ ಬರುತ್ತವೆ. ಡೆಲ್ಬರ್ಟ್ ಹೆಂಡತಿ ಸತ್ತು ಆರು ವರ್ಷವಾದವನು, ಟೊಲೀಡೊದಲ್ಲಿ ಕೊಳಾಯಿ ಕೆಲಸ ಮಾಡಿದ್ದವನು. ಬೀದಿಯ ಅರ್ಧ ಮನೆಗಳ ಕೀಲಿಗಳು ಅವನ ಬಳಿ ಇದ್ದವು.

"ಇನ್ನೊಂದು ಉಪಕಾರ ಮಾಡ್ತೀಯಾ? ಆ ಪಾತ್ರೆಗಳನ್ನ ಅವರವರ ಮನೆಗೆ ಮುಟ್ಟಿಸಿಬಿಡು" ಎಂದ ವೆಂಡೆಲ್.

"ನೀನೇ ಕೊಡ್ಬೇಕಪ್ಪಾ. ನಾನು ಹೋದ್ರೆ ಅವರು ಬಾಗಿಲು ಹಾಕ್ಕೊತಾರೆ."

"ನನಗೆ ಆಗಲ್ಲ ಡೆಲ್ಬರ್ಟ್. ಪ್ರತಿ ಬಾಗಿಲಲ್ಲೂ ನಿಂತು ಅದೇ ಮಾತು."

ಡೆಲ್ಬರ್ಟ್ ಅವನ ಮುಖ ನೋಡಿದ. "ಸರಿ. ಬಂದ ಮೇಲೆ ನನಗೆ ಬಿಯರ್ ಕುಡಿಸ್ತೀಯ. ಒಂದಲ್ಲ."

ವೆಂಡೆಲ್ ಮರಳಿದ್ದು ಜುಲೈ ನಡುವಿನಲ್ಲಿ. ಚಳಿಗಾಲಕ್ಕೆ ಬಂದವರೆಲ್ಲ ತಂತಮ್ಮ ಊರಿಗೆ ಹೋಗಿ ಬೀದಿಗಳು ಬಣಗುಡುತ್ತಿದ್ದವು. ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು. ಅವನು ಪೆಟ್ಟಿಗೆಯನ್ನು ಬಾಗಿಲಲ್ಲೇ ಬಿಟ್ಟು ಅಡುಗೆಮನೆಗೆ ಹೋದ. ಕಿಟಕಿಯ ಕಟ್ಟೆ ಖಾಲಿ. ಧೂಳಿನ ನಡುವೆ ಪಾತ್ರೆಯಿದ್ದ ಜಾಗ ಆಯತವಾಗಿ ತುಸು ಬೆಳ್ಳಗಿತ್ತು.

ಡೆಲ್ಬರ್ಟ್ ಗ್ಯಾರೇಜಿನಲ್ಲಿ ಗಾಲ್ಫ್ ಗಾಡಿಯ ಬ್ಯಾಟರಿಗೆ ನೀರು ಹಾಕುತ್ತಿದ್ದ.

"ಬಂದ್ಯಾ? ಎಷ್ಟು ಬಿಯರ್ ತಂದೆ?"

"ಕಿಟಕಿ ಹತ್ರ ಒಂದು ಪಾತ್ರೆ ಇತ್ತಲ್ಲ."

"ಎಲ್ಲ ಮುಟ್ಟಿಸಿದ್ದೀನಿ ಕಣಯ್ಯಾ. ಒಂದೂ ಒಡೀಲಿಲ್ಲ. ಉತ್ತರಕ್ಕೆ ಹೋದೋರದ್ದು ಕ್ಲಬ್ಬಿನ ಕಪಾಟಿಗೆ ಹಾಕ್ದೆ."

"ಕಿಟಕಿ ಹತ್ರ ಇದ್ದಿದ್ದು?"

ಡೆಲ್ಬರ್ಟ್ ನೆನಪು ಮಾಡಿಕೊಂಡ. "ಹ್ಞಾ, ಆರ್ಡಿಸ್ ಅಂತ ಇತ್ತು. ಅದೂ ಕಪಾಟಿಗೇ. ನಮ್ಮಲ್ಲಿ ಆರ್ಡಿಸ್ ಅಂತ ಯಾರೂ ಇಲ್ಲ, ಚಳಿಗಾಲದೋರು ಯಾರೋ ಇರ್ಬೇಕು ಅಂದ್ಕೊಂಡೆ."

ವೆಂಡೆಲ್ ಗ್ಯಾರೇಜಿನ ಗೋಡೆಗೆ ಕೈ ಊರಿದ. ಕೋಪ ಬರುತ್ತದೆ ಎಂದುಕೊಂಡಿದ್ದ, ಬರಲಿಲ್ಲ.

"ಆರ್ಡಿಸ್ ನನ್ನ ಹೆಂಡತಿ" ಎಂದ.

ಡೆಲ್ಬರ್ಟ್ ಕೈಯಲ್ಲಿದ್ದ ನೀರಿನ ಡಬ್ಬಿಯನ್ನು ಕೆಳಗಿಟ್ಟ. ಟೋಪಿ ತೆಗೆದ. ಬೋಳುತಲೆಯ ಮೇಲೆ ಟೋಪಿಯ ಗೆರೆ ಕೆಂಪಾಗಿ ಮೂಡಿತ್ತು. "ಅಯ್ಯೋ ದೇವ್ರೇ. ನಾನು ಯಾವಾಗ್ಲೂ 'ನಿಮ್ಮನೆಯೋರು, ನಿಮ್ಮನೆಯೋರು' ಅಂತಲೇ... ಹೆಸರು ಕೇಳ್ಬೇಕು ಅನ್ನಿಸಲೇ ಇಲ್ಲವಲ್ಲೋ." ಟೋಪಿ ಮತ್ತೆ ಹಾಕಿಕೊಂಡು, "ಗಾಡಿ ಹತ್ತು. ಕ್ಲಬ್ಬಿಗೆ ಹೋಗೋಣ" ಎಂದ.

"ಬೇಡ. ನಾನೊಬ್ಬನೇ ಹೋಗ್ತೀನಿ."

ಕ್ಲಬ್ಬಿನ ಅಡುಗೆಮನೆಯ ಉಸ್ತುವಾರಿ ಕೋರಾ ಮ್ಯಾಕ್‌ನಲ್ಟಿಯದು. ಎಂಬತ್ತರ ಹತ್ತಿರದ ಹೆಂಗಸು, ಹಿಂದೆ ಶಾಲೆಯ ಊಟದ ಮನೆ ನಡೆಸಿದವಳು. ದೊಡ್ಡ ಕಾಫಿ ಡಬ್ಬಿಗೆ ಪುಡಿ ಅಳೆದು ಹಾಕುತ್ತಿದ್ದಳು. ಅವನು ವಿಷಯ ಹೇಳಿದಾಗ ಚಮಚದಿಂದಲೇ ಗೋಡೆಯ ಕಪಾಟನ್ನು ತೋರಿಸಿದಳು.

"ವಾರಸುದಾರರು ಇಲ್ದಿರೋದೆಲ್ಲ ಅಲ್ಲಿವೆ. ಬೇಕಾದೋರು ಎತ್ಕೊಂಡು ಅಡುಗೆ ಮಾಡ್ತಾರೆ, ಮತ್ತೆ ತಂದಿಡ್ತಾರೆ. ನೋಡ್ಕೊಳ್ಳಿ."

ವೆಂಡೆಲ್ ಒಂದೊಂದನ್ನೇ ಎತ್ತಿ ತಳ ನೋಡತೊಡಗಿದ. ಬರ್ನೀಸ್. ಮಿಸೆಸ್ ಕೆ. ಹಾಲ್. ಓಪಲ್, ೩ನೇ ಓಣಿ. ಕೆಲವು ಪಟ್ಟಿಗಳು ಒಲೆಯ ಬಿಸಿಗೆ ಕಂದಿ ಚಹಾದ ಬಣ್ಣಕ್ಕೆ ತಿರುಗಿದ್ದವು.

"ಇವರೆಲ್ಲ ಅಕ್ಟೋಬರಿಗೆ ಬರ್ತಾರಾ?"

"ಓಪಲ್ ಎಲ್ಲಿ ಬರ್ತಾಳೆ? ಅವಳು ಹೋಗಿ ಎಂಟು ವರ್ಷ ಆಯ್ತು. ಬರ್ನೀಸೂ ಹೋದಳು." ಕೋರಾ ಡಬ್ಬಿಯ ಮುಚ್ಚಳ ಹಾಕಿದಳು. "ಈ ಊರಲ್ಲಿ ಮನುಷ್ಯರಿಗಿಂತ ಪಾತ್ರೆಗೆ ಆಯುಸ್ಸು ಜಾಸ್ತಿ. ಹೋದ ವಾರ ಓಪಲ್ ಪಾತ್ರೇಲಿ ಮಾಂಸ ಬೇಯಿಸಿದೆ. ಬದುಕಿದ್ದಾಗ ನನಗೆ ಮುಟ್ಟೋಕೂ ಕೊಡ್ತಿರ್ಲಿಲ್ಲ ಮಹಾರಾಯ್ತಿ."

ಕೊನೆಯ ಪಾತ್ರೆಯನ್ನೂ ನೋಡಿದ. ಆರ್ಡಿಸ್ ಇರಲಿಲ್ಲ.

"ಏನಂತ ಇತ್ತು ಅಂದ್ರಿ?"

"ಆರ್ಡಿಸ್."

ಕೋರಾ ಕೈ ಒರೆಸಿಕೊಳ್ಳುತ್ತ ನಿಂತಳು. "ತಾಳಿ, ತಾಳಿ. ಅದನ್ನ ನಾನೇ ತಗೊಂಡಿದ್ದೆ. ಐಲೀನ್ ವಾರ್ಗೊ ಗಂಡ ಹೋದಾಗ, ಜೂನ್‌ನಲ್ಲಿ. ಕೋಳಿ ಅನ್ನ ಮಾಡಿ ಕೊಟ್ಟೆ. ಆಮೇಲೆ ಐಲೀನ್ ಫೋನ್ ಮಾಡಿದ್ಲು, ಆರ್ಡಿಸ್ ಯಾರು, ಪಾತ್ರೆ ಯಾರಿಗೆ ಕೊಡ್ಬೇಕು ಅಂತ. ನನಗೇನು ಗೊತ್ತು? ಯಾರೋ ಚಳಿಗಾಲದೋರು, ಕಪಾಟಿಗೆ ಹಾಕಮ್ಮ ಅಂದೆ. ಹಾಕಲ್ಲ ಅಂದ್ಲು. ಮೊಂಡಿ." ಆಮೇಲೆ ಅವನ ಮುಖ ನೋಡಿ, ದನಿ ತಗ್ಗಿಸಿದಳು. "ನಿಮಗೆ ಅವರು ಏನಾಗ್ಬೇಕು?"

"ಹೆಂಡತಿ."

"ಮಾರ್ಚ್‌ನಲ್ಲಿ ಬಾವುಟ ಇಳಿಸಿದ್ವಲ್ಲ, ಅವರಾ?" ಕೋರಾ ಕುರ್ಚಿ ಎಳೆದು ಕೂತಳು. "ನಿಮ್ಮನೆಗೂ ನಾನು ಆಲೂಗಡ್ಡೆದು ಕಳಿಸಿದ್ದೆ. ಡೆಲ್ಬರ್ಟ್ ಪಾತ್ರೆ ತಂದುಕೊಟ್ಟ. ನೀವೇ ಬರ್ಲಿಲ್ಲ ಅಂತ ನಾನು ಬೈಕೊಂಡೆ, ಸುಳ್ಳು ಹೇಳಲ್ಲ. ಬಂದಿದ್ರೆ ಹೆಸರು ಗೊತ್ತಾಗ್ತಿತ್ತು. ಕಪಾಟಿನಲ್ಲಿ ನೋಡಿದ ತಕ್ಷಣ ಎತ್ತಿಡ್ತಿದ್ದೆ."

ಅವಳು ದೂರುತ್ತಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳಿದಳು. ಅದಕ್ಕೇ ಅದು ಹೆಚ್ಚು ನಾಟಿತು. ಹೊರಗೆ ಬಂದಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಕಾರಿನ ಸ್ಟಿಯರಿಂಗಿಗೆ ಟವೆಲ್ ಸುತ್ತಿ ಹಿಡಿದು ಹೊರಟ.

ಐಲೀನ್ ವಾರ್ಗೊಳ ಮನೆ ಬಡಾವಣೆಯ ತುದಿಯಲ್ಲಿ, ಮರಳುಹಳ್ಳದ ಅಂಚಿಗಿತ್ತು. ದಕ್ಷಿಣದಲ್ಲಿ ಆಕಾಶ ಕಂದುಬಣ್ಣಕ್ಕೆ ತಿರುಗಿತ್ತು, ಸಂಜೆಗೆ ಧೂಳು ಬರುವ ಲಕ್ಷಣ. ಅವಳು ಬಾಗಿಲನ್ನು ಗೇಣಷ್ಟು ತೆರೆದು ನೋಡಿದಳು. ಸಣ್ಣ ಆಳು, ಬಿಳಿಯ ಕೂದಲನ್ನು ಗಂಡಸರಂತೆ ಕತ್ತರಿಸಿದ್ದಳು. ಹುಟ್ಟಿದ್ದು ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಯ ಊರಿನಲ್ಲಿ, ಮಾತಿನಲ್ಲಿ ಆ ಊರಿನ ಗಡಸು ಇನ್ನೂ ಇತ್ತು.

"ಏನಾದ್ರೂ ಮಾರೋಕೆ ಬಂದಿದ್ರೆ ಬೇಡ."

"ಒಂದು ಪಾತ್ರೆ ವಿಷಯ. ಆರ್ಡಿಸ್ ಅಂತ ತಳದಲ್ಲಿ..."

ಬಾಗಿಲು ಪೂರ್ತಿ ತೆರೆಯಿತು. "ಒಳಗೆ ಬನ್ನಿ, ಒಳಗೆ ಬನ್ನಿ. ಕೊನೆಗೂ! ಎಷ್ಟು ಜನರನ್ನ ಕೇಳಿದ್ದೀನಿ ಗೊತ್ತಾ? ಈಜುಕೊಳದಲ್ಲಿ ಕೇಳ್ದೆ, ಚರ್ಚಿನಲ್ಲಿ ಕೇಳ್ದೆ, ಅಂಚೆಯವಳನ್ನೂ ಕೇಳ್ದೆ. ಕೂತ್ಕೊಳ್ಳಿ."

ಅವಳು ಫ್ರಿಜ್ಜಿನಿಂದ ಪಾತ್ರೆ ತೆಗೆದು ಮೇಜಿನ ಮೇಲಿಟ್ಟಳು. ಅದು ತುಂಬಿತ್ತು. ಬೆಣ್ಣೆಯಲ್ಲಿ ಹುರಿದ ಕೋಸು, ಅಗಲ ನೂಡಲ್ಸ್, ಈರುಳ್ಳಿ. "ನಮ್ಮ ಕಡೆ ಖಾಲಿ ಪಾತ್ರೆ ವಾಪಸು ಕೊಡಲ್ಲ. ಪ್ರತಿ ಶನಿವಾರ ಮಾಡ್ತೀನಿ, ಈ ವಾರ ಆರ್ಡಿಸ್ ಸಿಗ್ತಾಳೆ ಅಂತ. ಸಿಗಲ್ಲ. ನಾನೇ ತಿಂತೀನಿ. ಕೋಸು ತಿಂದೂ ತಿಂದೂ ಹೊಟ್ಟೆ ಉಬ್ಬಿಹೋಗಿದೆ."

ವೆಂಡೆಲ್ ಪಾತ್ರೆಯ ಅಂಚು ಹಿಡಿದ. "ತಳ ನೋಡಬಹುದಾ?"

ಅವಳು ಊಟವನ್ನು ಬೇರೆ ಬೋಗುಣಿಗೆ ಸುರಿದು, ಪಾತ್ರೆ ತೊಳೆದು ಒರೆಸಿ ಅವನ ಕೈಗೆ ಕೊಟ್ಟಳು. ಅವನು ಬೋರಲು ಮಾಡಿದ.

ಪಟ್ಟಿ ಹೊಸದು. ಅಚ್ಚ ಬಿಳಿ. ಅದರ ಮೇಲೆ ದಪ್ಪ ಕಪ್ಪು ಶಾಯಿಯಲ್ಲಿ, ಸೈನ್‌ಬೋರ್ಡಿನ ಅಕ್ಷರಗಳಂತೆ ನೆಟ್ಟಗೆ ಬರೆದಿತ್ತು: ಆರ್ಡಿಸ್. ಕೆಳಗೆ ಗೆರೆ ಇರಲಿಲ್ಲ. ಬಾಲ ಇರಲಿಲ್ಲ.

"ಹಳೇದು ಏಳೋಕೆ ಶುರುವಾಗಿತ್ತು" ಎಂದಳು ಐಲೀನ್. "ಅಕ್ಷರಾನೂ ಮಾಸಿತ್ತು. ಇನ್ನೆರಡು ಸಲ ತೊಳೆದ್ರೆ ಹೆಸರೇ ಹೋಗ್ತಿತ್ತು. ಆಮೇಲೆ ಅದು ಯಾರದ್ದೂ ಅಲ್ಲದ ಪಾತ್ರೆ ಆಗಿ ಆ ಕಪಾಟಿಗೆ ಸೇರ್ತಿತ್ತು. ಅದಕ್ಕೇ ಕಿತ್ತುಹಾಕಿ ಹೊಸದು ಅಂಟಿಸ್ದೆ."

"ಕಿತ್ತಿದ್ದು?"

"ಏನು?"

"ಹಳೇ ಪಟ್ಟಿ."

"ಕಸಕ್ಕೆ ಹಾಕ್ದೆ. ಯಾಕೆ?" ಅವಳು ಅವನನ್ನೇ ನೋಡಿದಳು. "ನಾನೇನಾದ್ರೂ ತಪ್ಪು ಮಾಡಿದ್ನಾ?"

ವೆಂಡೆಲ್ ಹೆಬ್ಬೆರಳಿನಿಂದ ಪಟ್ಟಿಯ ಅಂಚನ್ನು ಸವರಿದ. ಹೊಸ ಪಟ್ಟಿಯ ಪಕ್ಕದಲ್ಲಿ ಹಳೆಯ ಅಂಟು ಎಳೆಯಷ್ಟು ಉಳಿದು ಗಾಜಿಗೆ ಕಪ್ಪಾಗಿ ಹತ್ತಿತ್ತು. ಹೇಳಿಬಿಡಬಹುದಿತ್ತು. ಹೇಳಿದರೆ, ತಿಂಗಳ ಕಾಲ ಗುರುತಿಲ್ಲದ ಒಬ್ಬ ಹೆಂಗಸಿನ ಹೆಸರನ್ನು ಈ ಊರಲ್ಲಿ ಬಾಗಿಲು ಬಾಗಿಲಿಗೆ ಕೇಳಿಕೊಂಡು ತಿರುಗಿದ ಏಕೈಕ ವ್ಯಕ್ತಿಯ ಕೈಯಲ್ಲಿ ಒಂದು ಅಪರಾಧ ಇಟ್ಟ ಹಾಗಾಗುತ್ತಿತ್ತು. ಆ ಕೆಲಸವನ್ನು ತಾನೇ ಮಾಡಿರಲಿಲ್ಲ. ಪಕ್ಕದ ಮನೆಯವನಿಗೂ ಅವಳ ಹೆಸರು ಹೇಳಿರಲಿಲ್ಲ.

"ಇಲ್ಲ" ಎಂದ. "ಹೆಸರು ಸರಿಯಾಗಿದೆ."

"ಎಲ್ಲಿದ್ದಾರೆ ಅವರು? ನಾನು ಥ್ಯಾಂಕ್ಸ್ ಹೇಳ್ಬೇಕು. ಕೋಳಿ ಅನ್ನ ಕೋರಾದ್ದು, ಗೊತ್ತು, ಉಪ್ಪು ಕಮ್ಮಿ ಇತ್ತು. ಆದ್ರೆ ಪಾತ್ರೆ ಅವರದ್ದಲ್ವಾ. ನನ್ನ ಗಂಡ ಮಿಲೋಶ್ ಹೋದ ಮೇಲೆ ದಿನಾ ಬೆಳಿಗ್ಗೆ ಎದ್ದು ಮಾಡೋಕೆ ಅಂತ ಒಂದೇ ಕೆಲಸ ಇದ್ದಿದ್ದು, ಈ ಆರ್ಡಿಸ್‌ನ ಹುಡುಕೋದು."

"ಆರ್ಡಿಸ್ ಮಾರ್ಚ್‌ನಲ್ಲಿ ತೀರಿಕೊಂಡಳು. ನನ್ನ ಹೆಂಡತಿ."

ಐಲೀನ್ ಎದ್ದು ಎರಡು ತಟ್ಟೆ ತಂದಳು. ಬೋಗುಣಿಯ ಊಟವನ್ನು ಬಾಣಲೆಯಲ್ಲಿ ಬಿಸಿ ಮಾಡಿ ಎರಡಕ್ಕೂ ಬಡಿಸಿ, ಒಂದನ್ನು ಅವನ ಮುಂದೆ ತಳ್ಳಿದಳು. ಫೋರ್ಕ್ ಎತ್ತಿಕೊಳ್ಳುವ ಮೊದಲು ಕೇಳಿದಳು, "ಹೇಗಿದ್ರು?"

ಈ ಪ್ರಶ್ನೆಯನ್ನು ಇಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗದೆ ಕೋಸಿನಿಂದಲೇ ಶುರು ಮಾಡಿದ. ಆರ್ಡಿಸ್ ಕೂಡ ಈ ಪಾತ್ರೆಯಲ್ಲಿ ಕೋಸು ಬೇಯಿಸುತ್ತಿದ್ದಳು ಎಂದ. ಕೊಚ್ಚಿದ ದನದ ಮಾಂಸ, ಕೋಸು, ಮೇಲೆ ಕೆಳಗೆ ರೊಟ್ಟಿಯ ಹಿಟ್ಟು. ಚರ್ಚಿನ ಊಟದಲ್ಲಿ ಮೊದಲು ಖಾಲಿಯಾಗುತ್ತಿದ್ದುದು ಅದೇ. ಜಂಬದ ಹೆಂಗಸಲ್ಲ, ಆದರೆ ಖಾಲಿ ಪಾತ್ರೆ ಮನೆಗೆ ತರುವಾಗ ಕಾರಿನಲ್ಲಿ ಏನೂ ಮಾತಾಡದೆ ನಗುತ್ತಿದ್ದಳು. ಹೆಸರಿನ ಕೊನೆಯ ಅಕ್ಷರಕ್ಕೆ ಬಾಲ ಎಳೆಯುತ್ತಿದ್ದಳು ಎಂದೂ ಹೇಳಲು ಹೊರಟು, ಹೇಳಲಿಲ್ಲ. ಅದರ ಬದಲು ಕ್ಯಾಲೆಂಡರಿನ ವಿಷಯ ಹೇಳಿದ, ಟೊಮೆಟೊ, ಮಳೆ. ಮಾತಾಡುತ್ತಿರುವಾಗಲೇ ಹೊರಗೆ ಧೂಳು ಬಂದು ಕಿಟಕಿ ಮಬ್ಬಾಯಿತು. ಐಲೀನ್ ದೀಪ ಹಾಕಿ ಬಂದು, "ಆಮೇಲೆ?" ಎಂದಳು.

ಹೊರಡುವಾಗ ಅವಳು ಪಾತ್ರೆಯನ್ನು ಮತ್ತೆ ಕೋಸಿನಿಂದ ತುಂಬಿಸಿ ಕೊಟ್ಟಳು. "ಖಾಲಿ ತರಬೇಡಿ" ಎಂದಳು. ಅದು ತಮಾಷೆಯೇ, ಆಜ್ಞೆಯೇ ಎಂದು ಅವನಿಗೆ ತಿಳಿಯಲಿಲ್ಲ.

ಕೋಸು ತಿಂದು ಮುಗಿದ ಮೇಲೆ ಪಾತ್ರೆ ಮತ್ತೆ ಕಿಟಕಿಯ ಕಟ್ಟೆಗೆ ಬಂತು. ಒಂದೆರಡು ದಿನ ಅವನು ಅದನ್ನು ಬೋರಲು ಇಟ್ಟುಕೊಂಡು ಕಾಫಿ ಕುಡಿದ. ಕಪ್ಪು ಶಾಯಿಯ ಆ ನೆಟ್ಟಗಿನ ಅಕ್ಷರಗಳಲ್ಲಿ ಆರ್ಡಿಸ್ ಕಾಣುತ್ತಿರಲಿಲ್ಲ. ಎಷ್ಟು ನೋಡಿದರೂ ಐಲೀನ್‌ಳ ಮೊಂಡುತನವೇ ಕಾಣುತ್ತಿತ್ತು. ಆಗಸ್ಟ್ ಮೊದಲಲ್ಲಿ ಒಂದು ಬೆಳಿಗ್ಗೆ ಡೆಲ್ಬರ್ಟ್ ಜೊತೆ ಈಜುಕೊಳಕ್ಕೆ ಹೋಗುವಾಗ ಬಾವುಟ ಅರ್ಧಕ್ಕಿತ್ತು.

"ಯಾರು?" ಎಂದು ಕೇಳಿದ ವೆಂಡೆಲ್.

"ಹಿಂದಿನ ಓಣಿಯ ಹೋಲಿಸ್ ಪ್ರೂಯಿಟ್ ಹೆಂಡತಿ" ಎಂದ ಡೆಲ್ಬರ್ಟ್. ಆಮೇಲೆ, "ಹೆಸರು ಲಾವೋನ್. ಕೇಳ್ಕೊಂಡೆ" ಎಂದ.

ಮನೆಗೆ ಬಂದು ವೆಂಡೆಲ್ ಮಗಳಿಗೆ ಫೋನ್ ಮಾಡಿದ.

"ಜೋಲೀನ್, ನಿಮ್ಮಮ್ಮ ಕೋಸು ಮಾಂಸ ಹೇಗೆ ಮಾಡ್ತಿದ್ಲು?"

"ಅಪ್ಪಾ, ಓವನ್ ಹಚ್ಚೋಕೆ ಬರುತ್ತಾ ನಿಂಗೆ?"

"ನಲವತ್ತು ವರ್ಷ ಹದಿನೈದು ಟನ್ ಯಂತ್ರ ಓಡಿಸಿದ್ದೀನಮ್ಮ."

"ಅದಕ್ಕೇ ಕೇಳಿದ್ದು. ಮೊದಲು ಒಳಗೆ ಬೇರೆ ಪಾತ್ರೆ ಇಟ್ಟಿದೀಯಾ ನೋಡು. ಅಮ್ಮ ಅಲ್ಲೇ ಬಾಣಲೆಗಳನ್ನ ತುಂಬಿಡ್ತಿದ್ಲು."

ಅವನು ಓವನ್ನಿನ ಬಾಗಿಲು ತೆರೆದು ನೋಡಿದ. ಎರಡು ಬಾಣಲೆಗಳಿದ್ದವು, ಅವಳು ಇಟ್ಟ ಹಾಗೇ ಒಂದರೊಳಗೊಂದು. ತೆಗೆದು ಒಲೆಯ ಮೇಲಿಟ್ಟ. ಮಗಳು ಹೇಳುತ್ತ ಹೋದಳು, ಅವನು ಈರುಳ್ಳಿ ಹೆಚ್ಚಿದ. ಹಿಟ್ಟು ಒಂದು ಕಡೆ ದಪ್ಪವಾಯಿತು, ಮೂಲೆಯಲ್ಲಿ ಸೀದುಹೋಯಿತು. ಬೇಯಲು ಇಡುವ ಮೊದಲು, ಪಾತ್ರೆ ಖಾಲಿಯಿದ್ದಾಗಲೇ, ಅದನ್ನು ಬೋರಲು ಮಾಡಿ ಐಲೀನ್ ಬರೆದ ಹೆಸರಿನ ಪಕ್ಕದಲ್ಲಿ ತನ್ನ ಒರಟು ಅಕ್ಷರದಲ್ಲಿ 'ಟ್ರೌಟ್‌ಮನ್' ಎಂದು ಸೇರಿಸಿ, ಕೆಳಗೆ ಮನೆಯ ನಂಬರು ಬರೆದಿದ್ದ.

ಹೋಲಿಸ್ ಪ್ರೂಯಿಟ್ ಎತ್ತರದ ಆಳು. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ. ಅವನ ಹಿಂದೆ ಊಟದ ಮೇಜಿನ ಮೇಲೆ ಆಗಲೇ ಪಾತ್ರೆಗಳು ಸಾಲಾಗಿ ಕೂತಿದ್ದವು. ಅವನು ಬಿಸಿ ಪಾತ್ರೆಯನ್ನು ಟವೆಲ್ ಸಮೇತ ತೆಗೆದುಕೊಂಡ. ಕೆಲಸಕ್ಕೆ ಬಾರದ ಇನ್ನೊಂದು ವಸ್ತುವನ್ನು ಹಿಡಿದ ಹಾಗೆ ಹಿಡಿದುಕೊಂಡು ನಿಂತ.

"ನಿಮ್ಮ ಮನೆಯವರಿಗೆ ಥ್ಯಾಂಕ್ಸ್ ಹೇಳಿ" ಎಂದ.

"ಮಾಡಿದ್ದು ನಾನೇ. ಮೂಲೆ ಸೀದಿದೆ, ಕ್ಷಮಿಸಿ." ವೆಂಡೆಲ್ ಹಿಂದಿರುಗಲು ಒಂದು ಹೆಜ್ಜೆ ಇಟ್ಟ. ಮತ್ತೆ ನಿಂತ. "ಹೋಲಿಸ್, ಪಾತ್ರೆ ತಳದಲ್ಲಿ ಮನೆ ನಂಬರಿದೆ. ನಿಧಾನ ಆದ್ರೂ ಪರವಾಗಿಲ್ಲ, ಚಳಿಗಾಲ ಆದ್ರೂ ಪರವಾಗಿಲ್ಲ. ಆದ್ರೆ ವಾಪಸು ಕೊಡೋಕೆ ನೀವೇ ಬನ್ನಿ. ಬೇರೆಯೋರ ಕೈಲಿ ಕಳಿಸಬೇಡಿ."